ಅವ್ವನ ಹಲ್ಲಿಗೆ ಹೊಸ ಪದ್ಧತಿ

ಒಂದೂರು. ಊರಲ್ಲೊಂದು ಬೀದಿ, ಬೀದಿಯಲ್ಲೊಂದು ಮನೆ, ಮನೆಯಲ್ಲಿ ಒಬ್ಬ ಅವ್ವ, ಒಬ್ಬ ಮಗ. ಅವ್ವನ ಹೆಸರು ದಾಕ್ಷಾಯಣಮ್ಮ. ಮೂವತ್ತಾರು ವರ್ಷ ಪ್ರೈಮರಿ ಸ್ಕೂಲಲ್ಲಿ ಮಗ್ಗಿ ಹೇಳಿಕೊಟ್ಟು ಪೆನ್ಷನ್ ಆದವಳು. ಊರಿಗೆಲ್ಲ ಮಗ್ಗಿ ಬಂತು, ಮಗನಿಗೆ ಬರಲಿಲ್ಲ. ಮಗನ ಹೆಸರು ಮರುಳಸಿದ್ದ. ದೇವರ ಹೆಸರು ಅಂತಲೇ ಇಟ್ಟಿದ್ದು. ಆದರೆ ಸಿದ್ದ ಅನ್ನೋದನ್ನ ದೇವರು ತಾನಿಟ್ಟುಕೊಂಡ, ಮರುಳು ಅನ್ನೋದನ್ನ ಇವನಿಗೆ ಬಿಟ್ಟ.

ಮೂವತ್ತು ತುಂಬಿದ ಗಂಡಸು. ಸೋಮಾರಿ ಅಲ್ಲ, ಕಳ್ಳ ಅಲ್ಲ, ಸುಳ್ಳ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋನು, ಅದೇ ಕಷ್ಟ. "ಹಾಲು ನೋಡ್ತಿರೋ" ಅಂದರೆ ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾಗುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. "ಪೂರ್ತಿ ನೋಡಿದೆ ಅವ್ವ!" ಅನ್ನುತ್ತಿದ್ದ. ಅವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಆ ವರ್ಷ ದಾಕ್ಷಾಯಣಮ್ಮನ ಬಾಯಲ್ಲಿ ಉಳಿದಿದ್ದ ಕೊನೇ ಹಲ್ಲೂ ಬಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅಂದರೆ ಪ್ರಾಣ ಬಿಡೋ ಹೆಂಗಸು. ಈಗ ರೊಟ್ಟಿಯನ್ನ ಹಾಲಲ್ಲಿ ನೆನೆಹಾಕಿ ಮಗುವಿನ ಹಾಗೆ ಉಣ್ಣಬೇಕು. ಮಗ್ಗಿ ಹೇಳಿದರೆ ಬಾಯಲ್ಲಿ ಗಾಳಿ ಬರುತ್ತಿತ್ತು, ಬೀದಿ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಹಲ್ಲಿನ ಸೆಟ್ಟು ಕಟ್ಟಿಸೋಣ ಅಂದರೆ ಕೈಯಲ್ಲಿ ಕಾಸಿಲ್ಲ. ಹಲ್ಲಿನ ಡಾಕ್ಟರು ಎಷ್ಟು ಕೇಳಿದ್ದರೋ ಹೆಚ್ಚುಕಡಿಮೆ ಅಷ್ಟನ್ನೇ ಬ್ಯಾಂಕಿನವರು ಅವಳ ಡಿಪಾಜಿಟ್ ಬಡ್ಡಿಯಲ್ಲಿ ಇನ್‌ಕಂ ಟ್ಯಾಕ್ಸ್ ಅಂತ ಕಡಿದುಕೊಂಡಿದ್ದರು.

"ಬ್ಯಾಂಕಿಗೆ ಕಡಿಯೋಕೆ ಹಲ್ಲಿದೆ, ನನಗಿಲ್ಲ!" ಅಂದಳು ದಾಕ್ಷಾಯಣಮ್ಮ. "ರಿಟರ್ನ್ ಹಾಕ್ತೀನಿ, ಕಡಿದಿದ್ದನ್ನ ವಾಪಸ್ ತರಿಸ್ತೀನಿ, ಹಲ್ಲು ಕಟ್ಟಿಸ್ತೀನಿ, ರೊಟ್ಟಿ ತಿಂದೇ ತಿಂತೀನಿ!"

ರಿಟರ್ನ್ ಹಾಕೋಕೆ ಐದೇ ದಿನ ಉಳಿದಿತ್ತು. ಅವ್ವನಿಗೆ ಮಂಡಿನೋವು. ಮನೆಯಲ್ಲಿ ಇನ್ಯಾರಿದ್ದಾರೆ? ಮಗನನ್ನೇ ಕರೆದಳು.

"ಲೇ ಸಿದ್ದ, ಬಸ್‌ಸ್ಟ್ಯಾಂಡ್ ಹಿಂದೆ ಟ್ಯಾಕ್ಸ್ ಕೊಟ್ರಪ್ಪನ ಅಂಗಡಿ ಇದೆಯಲ್ಲ, ಹೋಗಿ ರಿಟರ್ನ್ ಮಾಡಿಸ್ಕೊಂಡು ಬಾ."

ಟ್ಯಾಕ್ಸ್ ಕೊಟ್ರಪ್ಪ ಅಂದರೆ ಊರವರ ಟ್ಯಾಕ್ಸ್ ಕಾಗದ ತುಂಬಿಕೊಡೋನು. ಅವನ ಅಂಗಡಿ ಬೋರ್ಡು ನೋಡಿದವರು, ಯಾರೋ 'ಟ್ಯಾಕ್ಸ್ ಕೊಟ್ರಾಪ್ಪಾ?' ಅಂತ ಕೇಳಿದ ಹಾಗಾಗಿ ಒಂದು ಸಲ ಬೆಚ್ಚುತ್ತಿದ್ದರು. ಅವನೂ ದಾಕ್ಷಾಯಣಮ್ಮನ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ಮಗ್ಗಿ ಕಲಿತವನು.

"ಆಗಲವ್ವ! ಹೇಳಿದಂಗೇ ಮಾಡ್ತೀನಿ, ಒಂದಕ್ಷರ ಆಚೆ ಈಚೆ ಆಗಲ್ಲ!" ಅಂದ ಮರುಳಸಿದ್ದ. ಪಂಚೆ ಎತ್ತಿ ಕಟ್ಟಿದ, ಹೊರಟ. ಕೊಟ್ರಪ್ಪನ ಬಾಗಿಲು ಮುಟ್ಟಿದ, ಗಿರಕ್ಕನೆ ತಿರುಗಿದ, ಮನೆಗೆ ಬಂದ.

"ಏನಾಯ್ತೋ?"

"ಹೋದೆ, ರಿಟರ್ನ್ ಆದೆ!"

"ಅಯ್ಯೋ ನನ್ನ ಕರ್ಮವೇ! ಸುಮ್ನೆ ತಿರುಗಿ ಬರೋದಲ್ಲ ಕಣೋ! ಅವನ ಮುಂದೆ ಕೂತ್ಕೋಬೇಕು. ಅವನು ಏನು ಕೇಳಿದ್ರೂ, ಹೋದ ವರ್ಷ ಹೆಂಗೋ ಹಂಗೇ, 'ಹಳೇ ಪದ್ಧತಿ' ಅನ್ನಬೇಕು!"

"ಅಷ್ಟೇನಾ? ಆಗಲವ್ವ! ಒಂದಕ್ಷರ ಆಚೆ ಈಚೆ ಆಗಲ್ಲ!"

ಪಂಚೆ ಎತ್ತಿ ಕಟ್ಟಿದ, ಹೊರಟ. ಕೊಟ್ರಪ್ಪನ ಮುಂದೆ ಕುರ್ಚಿ ಎಳೆದುಕೊಂಡು ಕೂತ.

"ಏನ್ ಸಿದ್ದಣ್ಣ, ಟೀಚರಮ್ಮ ಹೆಂಗಿದಾರೆ?"

"ಹಳೇ ಪದ್ಧತಿ!"

"ಹಲ್ಲು ಕಟ್ಟಿಸಿದ್ರಾ?"

"ಹಳೇ ಪದ್ಧತಿ!"

ಕೊಟ್ರಪ್ಪ ಕನ್ನಡಕ ತೆಗೆದು ಒರೆಸಿದ. "ನೋಡಪ್ಪ, ಈಗ ಕಾನೂನು ಬದಲಾಗಿದೆ. ಹಳೇ ಪದ್ಧತೀಲಿ ವಿಮೆ ಕಂತು, ಅದು ಇದು ತೋರಿಸಿ ಟ್ಯಾಕ್ಸ್ ಉಳಿಸ್ತಿದ್ವಿ. ನಿಮ್ಮವ್ವನ ವಿಮೆ ಮುಗೀತು, ತೋರಿಸೋಕೆ ಏನೂ ಇಲ್ಲ. ಹೊಸ ಪದ್ಧತೀಲಿ ಏನೂ ತೋರಿಸೋದೇ ಬೇಡ, ಅವರಷ್ಟು ಆದಾಯಕ್ಕೆ ಟ್ಯಾಕ್ಸೇ ಇಲ್ಲ. ಹೊಸದು ಅಂದ್ರೆ ಕಡಿದಿದ್ದು ಪೂರ್ತಿ ವಾಪಸ್, ಹಳೇದು ಅಂದ್ರೆ ಹಲ್ಲಿಗೆ ಎಳ್ಳುನೀರು. ಯಾವುದು ಹಾಕ್ಲಿ?"

"ಹಳೇ ಪದ್ಧತಿ!"

"ಲೋ, ನಷ್ಟ ಕಣೋ!"

"ಹಳೇ ಪದ್ಧತಿ!"

"ಎದ್ದು ಹೋಗೋ ಆಚೆ!"

"ಹಳೇ ಪದ್ಧತಿ!" ಅಂತ ಕೈ ಮುಗಿದು ಎದ್ದು ಬಂದ.

ಕೊಟ್ರಪ್ಪನೇ ಫೋನ್ ಮಾಡಿ ಅವ್ವನಿಗೆ ವಿಷಯ ಹೇಳಿದ. ಅವ್ವ ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು.

"ಬಾರೋ ಹಳೇ ಪದ್ಧತಿ! ಕಾನೂನು ಬದಲಾದ ಮೇಲೆ ಹಳೇದನ್ನ ಯಾರಾದ್ರೂ ತಬ್ಕೊಂಡು ಕೂರ್ತಾರಾ? ಹಳೇದು ಬಿಡಬೇಕು, ಹೊಸದು ತಗೋಬೇಕು! ತಿಳೀತಾ? ಹಳೇದು ಬಿಡು, ಹೊಸದು ತಗೋ!"

"ತಿಳೀತವ್ವ! ಹಳೇದು ಬಿಡು, ಹೊಸದು ತಗೋ!"

ಮಾರನೇ ದಿನ ಪೆನ್ಷನ್ ಕಾಗದ, ಬ್ಯಾಂಕಿನ ಕಾಗದ, ಪ್ಯಾನ್ ಕಾರ್ಡು, ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಕೊಟ್ಟಳು. ಪಂಚೆ ಎತ್ತಿ ಕಟ್ಟಿದ, ಹೊರಟ. ಹಳೇದು ಬಿಡು ಹೊಸದು ತಗೋ, ಹಳೇದು ಬಿಡು ಹೊಸದು ತಗೋ, ಅಂತ ಬಾಯಿಪಾಠ ಮಾಡಿಕೊಂಡೇ ನಡೆದ. ಬೀದಿ ತಿರುವಿನಲ್ಲಿ ತಳ್ಳುಗಾಡಿಯವನೊಬ್ಬ ಮೈಕು ಹಾಕಿಕೊಂಡು ಬಂದ. ಗಾಡಿ ತುಂಬ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು, ಮೊರ.

"ಹಳೇ ಪೇಪರ್ ಕೊಡೀ, ಹಳೇ ಬಟ್ಟೆ ಕೊಡೀ, ಹೊಸ ಸಾಮಾನು ತಗೊಳೀ!"

ಮರುಳಸಿದ್ದ ನಿಂತಲ್ಲೇ ನಿಂತ. ಆಹಾ! ಹೊಸ ಕಾನೂನು ಬಾಗಿಲಿಗೇ ಬಂದಿದೆಯಲ್ಲ! ಕೊಟ್ರಪ್ಪನ ತನಕ ನಡೆಯೋದೂ ತಪ್ಪಿತು!

"ಪೇಪರ್ ಇದೆ. ಎಲ್ಲಾ ಹಳೇದೇ. ಚೀಲಾನೂ ಹಳೇದು. ತಗೋ!"

ಅರ್ಧ ಗಂಟೆಯಲ್ಲಿ ಅವ್ವನ ಮುಂದೆ ಒಂದು ನೀಲಿ ಮಗ್ಗು ಇಟ್ಟ.

"ಏನೋ ಇದು?"

"ಹೊಸ ಪದ್ಧತಿ!"

ದಾಕ್ಷಾಯಣಮ್ಮ ಮಂಡಿನೋವು ಮರೆತಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರು ಬೀದಿ ಓಡಿದಳು. ನಾಲ್ಕು ಅಂತಲೂ ಹೇಳುತ್ತಾರೆ, ಓಡಿದವಳೇ ಎಣಿಸಲಿಲ್ಲ. ತಳ್ಳುಗಾಡಿಯನ್ನ ಅಡ್ಡಗಟ್ಟಿ, ಮಗ್ಗು ವಾಪಸ್ ಕೊಟ್ಟು, ಮೇಲೊಂದು ಹಳೇ ಹಿತ್ತಾಳೆ ಚೊಂಬೂ ಕೊಟ್ಟು, ಕಾಗದ ಬಿಡಿಸಿಕೊಂಡು ಬಂದಳು.

"ಒರಿಜಿನಲ್ ಯಾರಿಗಾದ್ರೂ ಕೊಡ್ತಾರೇನೋ, ಕತ್ತೆ! ಏನೇ ಕೇಳಲಿ, ಯಾರೇ ಕೇಳಲಿ, ಒರಿಜಿನಲ್ ಮನೇಲಿಡಬೇಕು, ಜೆರಾಕ್ಸ್ ಕೊಡಬೇಕು! ಜೆರಾಕ್ಸಿನ ಕೆಳಗೆ ನನ್ನ ಸಹಿ ಹಾಕಿಸ್ಕೋಬೇಕು. ಸಹಿ ಇಲ್ದೆ ಜೆರಾಕ್ಸ್ ನಡೆಯಲ್ಲ!"

"ಒರಿಜಿನಲ್ ಮನೇಲಿ, ಜೆರಾಕ್ಸ್ ಕೈಲಿ, ಸಹಿ ಕೆಳಗೆ! ಆಗಲವ್ವ!"

ಆ ಸಲ ಕಾಗದವೆಲ್ಲ ಸರಿಯಾಗಿಯೇ ಮುಟ್ಟಿತು. ಕೊಟ್ರಪ್ಪ ಎಲ್ಲ ತುಂಬಿದ. ಹೊಸ ಪದ್ಧತಿ ಅಂತಲೇ ಹಾಕಿದ.

"ಶಭಾಷ್ ಸಿದ್ದಣ್ಣ! ಇನ್ನೊಂದೇ ಕೆಲಸ. ನಾಳೆ ನಿಮ್ಮವ್ವನ ಫೋನ್ ತಗೊಂಡು ಬಾ, ಮುಗಿಸೋಣ. ನಾಡಿದ್ದೇ ಕೊನೇ ದಿನ."

ಮಾರನೇ ದಿನ ಮರುಳಸಿದ್ದ ಬಂದ. ಎದೆ ಸೆಟೆಸಿಕೊಂಡು ಬಂದ. ಕೊಟ್ರಪ್ಪನ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಹಾಳೆ ಮೇಲೆ ಕರ್ರಗೆ ಒಂದು ಚೌಕ, ಕೆಳಗೆ ದಾಕ್ಷಾಯಣಮ್ಮನ ಸಹಿ. ನಿದ್ದೆಗಣ್ಣಲ್ಲಿದ್ದವಳ ಕೈಗೆ ಪೆನ್ನು ಕೊಟ್ಟು ಬೆಳಗ್ಗೆಯೇ ಹಾಕಿಸಿದ್ದ.

"ಏನೋ ಇದು?"

"ಅವ್ವನ ಫೋನ್. ಒರಿಜಿನಲ್ ಮನೇಲಿದೆ."

"ಲೇ ಸಿದ್ದ, ಆ ಫೋನಿಗೆ ಒಂದು ನಂಬರ್ ಬರುತ್ತೆ ಕಣೋ! ಆ ನಂಬರ್ ಹಾಕಿದ್ರೇ ರಿಟರ್ನ್ ಒಳಗೆ ಹೋಗೋದು! ಈ ಹಾಳೆಗೆ ನಂಬರ್ ಹೆಂಗೋ ಬರುತ್ತೆ?"

ಮರುಳಸಿದ್ದ ಹಾಳೆಯನ್ನ ಕಿವಿಗೆ ಹಿಡಿದು ನೋಡಿದ. "ಸಿಗ್ನಲ್ ಇಲ್ಲ" ಅಂದ.

ಮನೆಯಲ್ಲಿ ಅವ್ವ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೂ ಹೆಂಗಸು ಸೋಲಲಿಲ್ಲ. "ನಾಳೆ ಇದೆಯಲ್ಲ! ನಾಳೆ ಹಾಕಿಯೇ ಹಾಕಿಸ್ತೀನಿ! ತಗೋ, ಫೋನನ್ನೇ ಕೈಯಲ್ಲಿ ಹಿಡ್ಕೊಂಡು ಹೋಗು. ನಂಬರ್ ಕೇಳಿ ಮೋಸ ಮಾಡೋರು ಊರು ತುಂಬ ಇದಾರೆ. ಅದರಲ್ಲಿ ಬಂದ ನಂಬರನ್ನ ಯಾರಿಗೂ ಹೇಳಬೇಡ. ನಾನೇ ಕೇಳಿದ್ರೂ ಹೇಳಬೇಡ! ತಿಳೀತಾ?"

"ನೀನೇ ಕೇಳಿದ್ರೂ ಹೇಳಲ್ಲ! ಆಗಲವ್ವ! ಒಂದಕ್ಷರ ಆಚೆ ಈಚೆ ಆಗಲ್ಲ!"

ಕೊನೇ ದಿನ. ಕೊಟ್ರಪ್ಪನ ಅಂಗಡಿ ಮುಂದೆ ಜನವೋ ಜನ. ನಾಲ್ಕು ಗಂಟೆಗೆ ಕರೆಂಟ್ ತೆಗೀತೀವಿ ಅಂತ ಬೇರೆ ಹೇಳಿದ್ದರು. ಮರುಳಸಿದ್ದನ ಸರದಿ ಬಂದಾಗ ಮೂರು ಮುಕ್ಕಾಲು. ಫೋನ್ ಟಿಂಗ್ ಅಂತು.

"ಬಂತಾ ನಂಬರ್?"

"ಬಂತು."

"ಎಷ್ಟು?"

ಮರುಳಸಿದ್ದ ತುಟಿ ಬಿಗಿದುಕೊಂಡ.

"ಹೇಳೋ, ಹೊತ್ತಾಗುತ್ತೆ! ಹದಿನೈದು ನಿಮಿಷಕ್ಕೆ ಆ ನಂಬರ್ ಸತ್ತು ಹೋಗುತ್ತೆ!"

"ಸತ್ತರೂ ಹೇಳಲ್ಲ!"

ಕೊಟ್ರಪ್ಪ ಬೈದ, ಬೇಡಿಕೊಂಡ, ಮೈಸೂರುಪಾಕ್ ತೋರಿಸಿದ. ಫೋನ್ ಕಸಿಯೋಕೆ ಹೋದರೆ ಮರುಳಸಿದ್ದ ಅದನ್ನ ಅಂಗಿಯೊಳಗೆ ಹಾಕಿಕೊಂಡು ಎರಡೂ ಕೈ ಕಟ್ಟಿ ನಿಂತ. ಒಂದು ಆಟೋ ಕಳಿಸಿ ಟೀಚರಮ್ಮನನ್ನ ಕರೆಸಿದರು. ದಾಕ್ಷಾಯಣಮ್ಮ ಕುಂಟುತ್ತಾ ಬಂದಳು.

"ಸಿದ್ದ, ನಾನು ಕಣೋ. ಹೇಳೋ ನಂಬರ್."

"ನೀನೇ ಕೇಳಿದ್ರೂ ಹೇಳಬೇಡ ಅಂದಿದೀಯ!"

"ಈಗ ನಾನೇ ಹೇಳು ಅಂತಿದೀನಲ್ಲೋ!"

"ಮೋಸ ಮಾಡೋರು ಹಂಗೇ ಅಂತಾರಂತೆ!"

ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಹದಿನೈದರಲ್ಲಿ ಹದಿಮೂರು ನಿಮಿಷ ಮುಗಿದಿತ್ತು. ದಾಕ್ಷಾಯಣಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ಮೂವತ್ತಾರು ವರ್ಷದ ಸ್ಕೂಲು ನೆನಪಾಯಿತೋ ಏನೋ, ಸೊಂಟದ ಮೇಲೆ ಕೈಯಿಟ್ಟು ಗದರಿದಳು.

"ಮರುಳಸಿದ್ದ! ಬಾಯಿ ಮುಚ್ಚು! ಹೇಳಬೇಡ! ಬರಿ!"

ಬರಿ! ಬರೀಬೇಡ ಅಂತ ಯಾರೂ ಅಂದಿರಲಿಲ್ಲವಲ್ಲ! ಅಂಗಿಯೊಳಗಿಂದ ಫೋನ್ ತೆಗೆದ, ಕೊಟ್ರಪ್ಪನ ಕೈಯಿಂದ ಪೆನ್ನು ಕಿತ್ತುಕೊಂಡ, ಮೇಜಿನ ಮೇಲೆ ಆರೂ ಅಂಕಿಗಳನ್ನ ಗುಂಡಗೆ ಬರೆದ. ಕೊಟ್ರಪ್ಪ ಅದನ್ನ ಕಂಪ್ಯೂಟರಿಗೆ ಕುಟ್ಟಿದ. ರಿಟರ್ನ್ ಒಳಗೆ ಹೋಯಿತು. ಹಿಂದೆಯೇ ಕರೆಂಟೂ ಹೋಯಿತು.

"ಗೆದ್ವಿ ಟೀಚರಮ್ಮ!" ಅಂದ ಕೊಟ್ರಪ್ಪ, ಬೆವರು ಒರೆಸಿಕೊಳ್ಳುತ್ತಾ. "ಸಿದ್ದಣ್ಣ, ಇಲ್ಲಿ ಕೇಳು. ಮುಂದೆ ಯಾವತ್ತಾದ್ರೂ ನೋಟಿಸ್ ಬರಬಹುದು. ಈ ರಿಟರ್ನಿಂದ ಬಂದಿದ್ದು ಏನೇ ಇರಲಿ, ಏಳು ವರ್ಷ ಟ್ರಂಕಲ್ಲಿಟ್ಟು ಬೀಗ ಹಾಕಿರು."

"ಕೇಳಿಸ್ತಾ?" ಅಂದಳು ಅವ್ವ. "ನನ್ನ ಮಾತಂತೂ ನಿನ್ನ ತಲೆಗೆ ನೆಟ್ಟಗೆ ಹೋಗಲ್ಲ. ಕೊಟ್ರಪ್ಪ ಹೇಳಿದಂಗಾದ್ರೂ ಮಾಡು!"

"ಆಗಲವ್ವ! ಒಂದಕ್ಷರ ಆಚೆ ಈಚೆ ಆಗಲ್ಲ!"

ತಿಂಗಳು ಕಳೆಯುವುದರಲ್ಲಿ ಕಡಿದ ದುಡ್ಡು ವಾಪಸ್ ಬಂತು. ಹಲ್ಲಿನ ಸೆಟ್ಟೂ ಬಂತು. ಮೇಲೊಂದು ಸಾಲು, ಕೆಳಗೊಂದು ಸಾಲು, ಮಲ್ಲಿಗೆ ಮೊಗ್ಗಿನ ಹಾಗೆ. ದಾಕ್ಷಾಯಣಮ್ಮ ಕನ್ನಡಿ ಮುಂದೆ ನಿಂತು ಹತ್ತೊಂಬತ್ತರ ಮಗ್ಗಿ ಪೂರ್ತಿ ಹೇಳಿದಳು. ಒಂದು ಕಡೆಯೂ ಗಾಳಿ ಬರಲಿಲ್ಲ.

"ರಿಟರ್ನಿಂದ ಬಂದ ಹಲ್ಲು ನೋಡೋ ಸಿದ್ದ!" ಅಂತ ಮಗನಿಗೂ ತೋರಿಸಿದಳು.

ಮರುಳಸಿದ್ದ ನೋಡಿದ. ತಲೆ ಆಡಿಸಿದ.

ಭಾನುವಾರ ಬೆಳಗ್ಗೆ ಅವ್ವ ಕೈಯಾರೆ ರೊಟ್ಟಿ ತಟ್ಟಿದಳು. ಖಡಕ್ ಆಗಲಿ ಅಂತ ಬಿಸಿಲಿಗಿಟ್ಟಳು. ಚಟ್ನಿ ಕುಟ್ಟಿದಳು. ಹಲ್ಲು ತೆಗೆದು ಬಟ್ಟಲ ನೀರಿಗೆ ಹಾಕಿ ತಲೆಗೆ ಸ್ನಾನ ಮಾಡಲು ಹೋದಳು. ಕೂದಲು ಒರೆಸಿಕೊಂಡು ಬಂದಳು, ತಟ್ಟೆ ಹಾಕಿಕೊಂಡು ಕೂತಳು, ಬಟ್ಟಲಿಗೆ ಕೈ ಹಾಕಿದಳು. ಬಟ್ಟಲಲ್ಲಿ ಬರೀ ನೀರು.

"ಛಿದ್ದಾ! ಹಲ್ಲೆಲ್ಲೋ?"

ಮರುಳಸಿದ್ದ ನಡುಮನೆಯಲ್ಲಿ ಟ್ರಂಕಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು.

"ಟ್ರಂಕಲ್ಲಿ. ಬೀಗ ಹಾಕಿದೀನಿ. ರಿಟರ್ನಿಂದ ಬಂದಿದ್ದಲ್ವಾ? ಏಳು ವರ್ಷ!"

"ಅಯ್ಯೋ, ಕೊಡೋ! ನಾನು ರೊಟ್ಟಿ ತಿನ್ನಬೇಕು ಕಣೋ!"

"ತಿನ್ನು, ಯಾರು ಬೇಡ ಅಂದ್ರು? ನಿನ್ನ ಮಾತೂ ಮರೆತಿಲ್ಲ ನಾನು!" ಅಂಗಿ ಜೇಬಿನಿಂದ ಎರಡು ಹಾಳೆ ತೆಗೆದ. ಒಂದರಲ್ಲಿ ಮೇಲಿನ ಸಾಲು, ಇನ್ನೊಂದರಲ್ಲಿ ಕೆಳಗಿನ ಸಾಲು, ಎರಡೂ ಸೊಗಸಾಗಿ ಬಂದಿದ್ದವು. ರೊಟ್ಟಿ ತಟ್ಟೆಯ ಪಕ್ಕದಲ್ಲಿ ಜೋಡಿಸಿಟ್ಟು, ಅವ್ವನ ಕೈಗೆ ಪೆನ್ನು ಕೊಟ್ಟ.

"ಒರಿಜಿನಲ್ ಮನೇಲಿದೆ, ತಗೋ ಜೆರಾಕ್ಸ್. ಎರಡಕ್ಕೂ ಕೆಳಗೆ ಸಹಿ ಹಾಕಿಬಿಡವ್ವ. ಸಹಿ ಇಲ್ದೆ ರೊಟ್ಟಿ ಮುರಿಯಲ್ಲ!"