ಒಂಬತ್ತನೇ ಸೈಜಿನ ಬೂಟು

"ಗುರುಗಳೇ, ಯಾರ ಚಿಕಿತ್ಸೆಗೆ ಕತ್ತರಿ ಹಾಕಲಿ?" ಎಂದು ತಿಪ್ಪೇರುದ್ರ ಕೇಳಿದ.

ಅವನು ಪುರಸಭೆಯಲ್ಲಿ ನೌಕರರ ಆರೋಗ್ಯ ಯೋಜನೆ ನೋಡಿಕೊಳ್ಳುವವನು. ಆಸ್ಪತ್ರೆಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಸೋಮವಾರದ ಸಭೆಗೆ, ಯಾವ ಯಾವ ಚಿಕಿತ್ಸೆ ನಿಲ್ಲಿಸಬೇಕು ಎಂಬ ಪಟ್ಟಿ ಕೊಡಬೇಕಿತ್ತು. ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಕತ್ತರಿ ಇರಲಿ, ಮೊದಲು ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಅಧಿಕಾರಿ ಇದ್ದ. ನಿನ್ನದೇ ಕೆಲಸ, ನಿನ್ನದೇ ತಲೆಬಿಸಿ. ಒಂದು ದಿನ ಕೂತು ಬಿಲ್ಲುಗಳನ್ನೆಲ್ಲ ತಿರುವಿ ಹಾಕಿದ. ಅರ್ಧಕ್ಕರ್ಧ ಕಾಲಿನ ಗಾಯದವು. ಎಲ್ಲ ಬೀದಿ ಗುಡಿಸುವವರದ್ದು, ಚರಂಡಿ ತೆಗೆಯುವವರದ್ದು. ಅವನಿಗೆ ರೇಗಿಹೋಯಿತು. ಬೂಟು ಕೊಟ್ಟರೂ ಹಾಕಿಕೊಳ್ಳುವುದಿಲ್ಲ, ಕಾಲು ಕುಯ್ದುಕೊಂಡು ಬಂದು ನಮ್ಮ ತಲೆಗೆ ಕಟ್ಟುತ್ತಾರೆ ಅಂದುಕೊಂಡ. ಬೂಟು ಹಾಕದೆ ಗಾಯ ಮಾಡಿಕೊಂಡವರಿಗೆ ಇನ್ನು ಮೇಲೆ ಚಿಕಿತ್ಸೆ ಇಲ್ಲ ಎಂದು ಆದೇಶ ಬರೆದ. ಸಹಿ ಒಂದು ಬಾಕಿ ಇತ್ತು.

ಅಷ್ಟರಲ್ಲಿ ಚರಂಡಿ ಕೆಲಸದ ಒಬ್ಬ ಹೆಂಗಸು ಕುಂಟುತ್ತಾ ಬಂದಳು. ಗಾಜು ಚುಚ್ಚಿ ಪಾದದಲ್ಲಿ ಕೀವು ತುಂಬಿತ್ತು. ಸಕ್ಕರೆ ಕಾಯಿಲೆ ಬೇರೆ. ಇವತ್ತೇ ಆಸ್ಪತ್ರೆ ಸೇರದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಅವಳಿಗೆ ಬೇಕಿದ್ದದ್ದು ಅವನ ಕೈಯಿಂದ ಒಂದು ಅನುಮತಿ ಚೀಟಿ.

"ಬೂಟು ಯಾಕಮ್ಮ ಹಾಕಲಿಲ್ಲ?" ಎಂದು ಅವನು ಗದರಿದ.

"ನೀವೇ ನೋಡಿ ಸ್ವಾಮಿ" ಎಂದಳು ಅವಳು. ಚೀಲದಿಂದ ಬೂಟು ತೆಗೆದು, ನೆಟ್ಟಗಿದ್ದ ಕಾಲಿಗೆ ಹಾಕಿಕೊಂಡು, ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಪಾದ ಮುಂದೆ ಬಂತು, ಬೂಟು ಹಿಂದೆಯೇ ಉಳಿಯಿತು.

ಅವನು ಬೂಟು ಎತ್ತಿ ನೋಡಿದ. ಒಂಬತ್ತನೇ ಸೈಜು. ಅಯ್ಯೋ ಶಿವನೇ! ಎರಡು ವರ್ಷದ ಹಿಂದೆ ಉಗ್ರಾಣ ಅವನ ಕೈಯಲ್ಲೇ ಇತ್ತು. ಎಲ್ಲರಿಗೂ ಒಂದೇ ಸೈಜಾದರೆ ಅಗ್ಗಕ್ಕೆ ಸಿಗುತ್ತದೆಂದು ಆ ಬೂಟುಗಳನ್ನು ತರಿಸಿದವನು ಅವನೇ. ಮೇಲಿನವರಿಂದ ಶಹಬ್ಬಾಸ್ ಬೇರೆ ಗಿಟ್ಟಿಸಿದ್ದ. ಕೆಲಸದವರಲ್ಲಿ ಮುಕ್ಕಾಲು ಪಾಲು ಹೆಂಗಸರು ಎನ್ನುವುದು ಆಗ ಮಹಾಶಯನಿಗೆ ಹೊಳೆದಿರಲಿಲ್ಲ.

ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ. ಕೂಡಲೇ ಚೀಟಿ ಬರೆದುಕೊಟ್ಟ. ಆದೇಶವನ್ನು ಹರಿದು ಹಾಕಿದ. ಮರುದಿನ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಹೋಗಿ, ನೆಲದ ಮೇಲೆ ಕೂತು, ಒಬ್ಬೊಬ್ಬರ ಪಾದದ ಅಳತೆಯನ್ನೂ ತಾನೇ ತೆಗೆದುಕೊಂಡ. ಆ ಹೆಂಗಸಿನ ಕಾಲು ಉಳಿಯಿತು. ಎರಡು ತಿಂಗಳಿಗೆ ನಡೆದುಕೊಂಡೇ ಕೆಲಸಕ್ಕೆ ಬಂದಳು. ಮುಂದಿನ ವರ್ಷ ಕಾಲಿನ ಗಾಯದ ಬಿಲ್ಲುಗಳು ಬೆರಳೆಣಿಕೆಗೆ ಇಳಿದವು. ಯಾರ ಚಿಕಿತ್ಸೆಯನ್ನೂ ನಿಲ್ಲಿಸುವ ಪ್ರಮೇಯ ಬರಲಿಲ್ಲ.

ತಿಪ್ಪೇರುದ್ರನಿಗೆ ಎದೆ ಹಗುರಾಯಿತು. ವಾರದಲ್ಲಿ ಮೊದಲ ಸಲ ನಕ್ಕ.

"ಬದುಕಿದೆ ಗುರುಗಳೇ! ನಾಳೆಯೇ ನಮ್ಮವರೆಲ್ಲರ ಕಾಲಿನ ಅಳತೆ ತೆಗೆಸುತ್ತೇನೆ" ಎಂದು ಎದ್ದು ನಿಂತ.

"ಬೂಟು ನನ್ನ ಕತೆಯದ್ದು ಕಣಯ್ಯಾ, ನಿನ್ನವರಿಗೆ ಎಲ್ಲಿ ನೋಯುತ್ತಿದೆ ಅಂತ ಅವರನ್ನು ಕೇಳಿದ್ದೀಯಾ?" ಎಂದರು ಗುರುಗಳು.