ಎರಡು ತಟ್ಟೆ, ಎರಡು ಮುಚ್ಚಳ

"ಬುದ್ಧೀ, ಮೊನ್ನೆ ಮೊನ್ನೆ ಮಠಕ್ಕೆ ಬಂದವನನ್ನು ಪ್ರವಚನ ಹೇಳಲು ಕೂರಿಸಿದಿರಿ. ಅವನಿಗೆ ಏನೂ ಬಾರದು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಏಕೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಮದ್ದು ಕಂಡುಹಿಡಿಯುವವನೊಬ್ಬನಿದ್ದ. ಕರುಳು ಹುಣ್ಣಾಗಿ ದಿನವೂ ರಕ್ತ ಹೋಗುವ ರೋಗಿಗಳಿಗೆಂದು ಹನ್ನೆರಡು ವರ್ಷ ಕೂತು ಒಂದು ಮದ್ದು ಮಾಡಿದ. ಇಲಿಗಳಿಗೆ ಕೊಟ್ಟು ನೋಡಿದ. ಇಲಿಗಳು ಕೊಬ್ಬಿಕೊಂಡು ಓಡಾಡಿದವು. ಇನ್ನು ಮನುಷ್ಯರಿಗೆ ಕೊಡುವುದೊಂದೇ ಬಾಕಿ ಎಂದು ಅವನು ಬೀಗುತ್ತಿದ್ದಾಗ ಆ ಪ್ರಯೋಗಾಲಯಕ್ಕೆ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು.

ಅವಳ ವಿದ್ಯೆಯೇ ಬೇರೆ. ಮನುಷ್ಯನ ಕರುಳಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು, ಗಾಜಿನ ತಟ್ಟೆಯಲ್ಲಿ ಸಾಕಿ, ಕರುಳಿನ ಒಳಪದರವನ್ನು ಬೆಳೆಸುತ್ತಿದ್ದಳು. ಮದ್ದನ್ನು ಮೊದಲು ಆ ಪದರಕ್ಕೆ ಹಾಕಬೇಕು. ಪದರ ಉಳಿದರೆ ಮನುಷ್ಯರಿಗೆ ಕೊಡಬಹುದು, ಕಿತ್ತು ಬಂದರೆ ಕೊಡಬಾರದು. ಇಲಿಗಳು ಒಪ್ಪಿದ್ದ ಎರಡು ಮದ್ದುಗಳನ್ನು ಅವಳ ತಟ್ಟೆ ಆಗಲೇ ಬೇಡವೆಂದಿತ್ತು. ಎಲ್ಲರ ಬಾಯಲ್ಲೂ ಅವಳದೇ ಹೆಸರು.

ಅವನಿಗೆ ಅನ್ನ ಸೇರದಾಯಿತು. ಅವಳು ನಕ್ಕರೆ ತನ್ನನ್ನು ನೋಡಿಯೇ ನಕ್ಕಳು ಎನಿಸುತ್ತಿತ್ತು. ಪ್ರಯೋಗಾಲಯದ ಹಿರಿಯರು ಅವಳ ಮೇಜಿನ ಬಳಿ ಎರಡು ನಿಮಿಷ ಹೆಚ್ಚು ನಿಂತರೆ ಮೈಯೆಲ್ಲ ಉರಿಯುತ್ತಿತ್ತು. "ಅವಳಿಗೇನು ಬರುತ್ತದೆ? ಹಾಲಿಗೆ ಹೆಪ್ಪು ಹಾಕಿ ಕಾಯುವುದೂ ಒಂದು ವಿದ್ಯೆಯೆ?" ಎಂದು ಕಂಡಕಂಡವರ ಮುಂದೆ ಆಡಿಕೊಂಡ. ಆಡಿಕೊಂಡಷ್ಟೂ ಉರಿ ಹೆಚ್ಚಿತು.

ಅವನ ಮದ್ದನ್ನೂ ಅವಳ ತಟ್ಟೆಯಲ್ಲಿ ನೋಡೋಣ ಎಂದರು ಹಿರಿಯರು.

"ನನ್ನ ಹನ್ನೆರಡು ವರ್ಷಕ್ಕೆ ಇವಳ ಅಪ್ಪಣೆ ಬೇಕೇನು?" ಎಂದು ಅವನು ಸಿಡುಕಿದ.

"ಅಪ್ಪಣೆ ಅಲ್ಲ ಸರ್. ನಾಳೆ ನುಂಗುವವರಿಗೆ ಧೈರ್ಯ ಬೇಕಲ್ಲ," ಎಂದಳು ಹುಡುಗಿ.

ಎರಡು ತಟ್ಟೆ ಇಟ್ಟರು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ಮದ್ದಿಲ್ಲದ ದ್ರವ. ಯಾವುದರಲ್ಲಿ ಯಾವುದಿದೆ ಎಂದು ಅವನಿಗೂ ಅವಳಿಗೂ ತಿಳಿಯಬಾರದು, ಅದು ಅಲ್ಲಿನ ಕಟ್ಟುಪಾಡು. ಹಿರಿಯರೇ ಹಾಕಿ, ಮುಚ್ಚಳಗಳ ಮೇಲೆ ಒಂದು, ಎರಡು ಎಂದು ಬರೆದು, ಗುಟ್ಟನ್ನು ಲಕೋಟೆಯಲ್ಲಿ ಅಂಟಿಸಿಟ್ಟರು. ತಟ್ಟೆಗಳ ಮೇಲೆ ಏನೂ ಬರೆಯಲಿಲ್ಲ. ದಿನ ಬಿಟ್ಟು ದಿನ ಪದರಗಳಿಗೆ ಆಹಾರ ಕೊಡುವುದು ಹುಡುಗಿಯ ಪಾಲಿಗೆ ಬಂತು.

ಐದನೆಯ ದಿನ ಎಲ್ಲರೂ ಊಟಕ್ಕೆ ಹೋದ ಹೊತ್ತು. ಅವನು ಹಸಿವಿಲ್ಲವೆಂದು ಉಳಿದುಕೊಂಡು ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಒಂದನೆಯ ತಟ್ಟೆಯ ಪದರ ಕಿತ್ತು ಬಂದಿತ್ತು. ಎರಡನೆಯದು ಚೆನ್ನಾಗಿತ್ತು. ಕಿತ್ತದ್ದೇ ಮದ್ದಿನ ತಟ್ಟೆ ಎಂದುಕೊಂಡ. ಅವಳ ಕೈಯಲ್ಲಿ ಬೆಳೆದದ್ದು ಸುಮ್ಮಸುಮ್ಮನೆ ಕೆಡುವುದುಂಟೆ? ಹನ್ನೆರಡು ವರ್ಷ ಮಣ್ಣುಪಾಲಾಗುವುದು, ಅವಳು ಇನ್ನಷ್ಟು ಮೇಲೇರುವುದು ಅವನ ಕಣ್ಣಿಗೆ ಕಟ್ಟಿತು. ಮುಚ್ಚಳಗಳನ್ನು ಅದಲುಬದಲು ಮಾಡಿ ಹೊರಗೆ ಬಂದ.

ಸಂಜೆ ಎಲ್ಲರೆದುರು ಲಕೋಟೆ ಒಡೆದರು. "ಮದ್ದು ಹಾಕಿದ್ದು ಎರಡನೆಯದಕ್ಕೆ," ಎಂದು ಹಿರಿಯರು ಓದಿದರು. ಎರಡನೆಯ ಮುಚ್ಚಳ ಈಗ ಕಿತ್ತ ಪದರದ ಮೇಲಿತ್ತು.

ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು. ಅವನು ಮುಟ್ಟುವ ಮೊದಲು ಮದ್ದಿನ ತಟ್ಟೆ ಚೆನ್ನಾಗಿಯೇ ಇತ್ತು. ಮದ್ದು ಗೆದ್ದಿತ್ತು. ಮದ್ದಿಲ್ಲದ ತಟ್ಟೆಗೆ ಹುಡುಗಿ ಆಹಾರ ಕೊಡಲು ಮರೆತಿದ್ದಳು, ಅದಕ್ಕೇ ಅದು ಕೆಟ್ಟಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು. ಈಗ ನಿಜ ಹೇಳಿದರೆ ಕಳ್ಳನಾಗುತ್ತಾನೆ. ಅವನು ಹೇಳಲಿಲ್ಲ. ಮದ್ದು ಕಪಾಟು ಸೇರಿತು. ಹುಣ್ಣಿನವರು ನರಳುತ್ತಲೇ ಉಳಿದರು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಬುದ್ಧೀ, ಅವಳಿಗೆ ಏನೂ ಬಾರದು ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದನಲ್ಲ?" ಎಂದ ಚೆನ್ನವೀರ.

"ಹೌದು ಮರಿ, ಆದರೆ ಅವಳ ಕೈ ತಪ್ಪುವುದೇ ಇಲ್ಲ ಎಂದು ಅವನಷ್ಟು ನಂಬಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ."