ಅಜ್ಜನ ವಿಮಾನಕ್ಕೆ ಯಾವ ದೀಪ

ಹೊಳೆದಂಡೆಯ ಆಶ್ರಮವೊಂದರಲ್ಲಿ ಸಂಗಯ್ಯಜ್ಜ ಎಂಬ ಗುರುಗಳಿದ್ದರು. ಹರೆಯದಲ್ಲಿ ವಿಮಾನ ರಿಪೇರಿಯ ಕೆಲಸ ಮಾಡಿದವರು. ಕಾವಿ ಉಟ್ಟ ಮೇಲೂ ಆ ಹುಚ್ಚು ಅವರನ್ನು ಬಿಟ್ಟಿರಲಿಲ್ಲ.

ಥರ್ಮೋಕೋಲಿನಲ್ಲಿ ಒಂದು ಪುಟ್ಟ ವಿಮಾನ ಮಾಡಿಕೊಂಡಿದ್ದರು. ಸಂಜೆ ಪ್ರವಚನ ಮುಗಿಸಿ, ರಿಮೋಟ್ ಹಿಡಿದು ದಂಡೆಯ ಹುಲ್ಲುಗಾವಲಿಗೆ ಹೋಗಿ ಅದನ್ನು ಹಾರಿಸುತ್ತಿದ್ದರು.

ಸನ್ಯಾಸಿಗೆ ಇದೆಂಥ ಆಟ ಎಂದು ಊರ ಹಿರಿಯರೊಬ್ಬರು ಕೇಳಿದರು. ಪ್ರವಚನದಲ್ಲಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಇದರಲ್ಲಿ ತಪ್ಪಿದರೆ ಆಗಲೇ ಬೀಳುತ್ತದೆ ಎಂದರು ಅಜ್ಜ.

ಅಜ್ಜನ ಶಿಷ್ಯ ಅಡಿವೆಪ್ಪ. ಆಶ್ರಮ ಸೇರುವ ಮುಂಚೆ ಮದುವೆ ಮನೆಗಳಿಗೆ ಸೀರಿಯಲ್ ಲೈಟು ಕಟ್ಟುತ್ತಿದ್ದವನು. ಒಳ್ಳೆಯವನು. ಆದರೆ ಗುರುಗಳು ಏನೇ ಅಂದರೂ ಅದರಲ್ಲಿ ವೇದಾಂತ ಹುಡುಕುವ ಚಟ ಅವನಿಗೆ. ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಅಜ್ಜ ಅಂದರೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಿದ್ದ. ಸಾರು ಸಪ್ಪಗೇ ಉಳಿಯುತ್ತಿತ್ತು.

ಒಂದು ಸಂಜೆ ವಿಮಾನ ಮೇಲಿದ್ದಾಗ ಅಜ್ಜ ಕೇಳಿದರು.

“ಅಡಿವೆಪ್ಪಾ, ಅದು ಬರಾಕತ್ತೈತೋ, ಹೊಂಟೈತೋ?”

ಅಡಿವೆಪ್ಪ ಕಣ್ಣು ಮುಚ್ಚಿದ. ಚೆನ್ನಾಗಿ ಯೋಚಿಸಿದ.

“ಬರೂದೂ ಇಲ್ಲ, ಹೋಗೂದೂ ಇಲ್ರಿ ಅಜ್ಜಾರ. ಎಲ್ಲಾ ಇದ್ದಲ್ಲೇ ಐತ್ರಿ.”

ವಿಮಾನ ಹೋಗಿ ಬೇವಿನ ಮರಕ್ಕೆ ಬಡಿಯಿತು.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಆಶ್ರಮಕ್ಕೆ ಬಂದ ಮೇಲೆ ಮುರಿದ ವಿಮಾನವನ್ನು ಅಟ್ಟಕ್ಕೆ ಹಾಕಿಸಿದರು. ಮರುದಿನ ಇಳಿಸು ಅನ್ನಲಿಲ್ಲ. ವಾರಗಳು ಕಳೆದರೂ ಅನ್ನಲಿಲ್ಲ. ಕೇಳಿದರೆ, ಸಾಕಾಯಿತಪ್ಪ ಎಂದರು.

ಸಂಜೆಯಾದರೆ ಸುಮ್ಮನೆ ಕಟ್ಟೆಯ ಮೇಲೆ ಕೂರತೊಡಗಿದರು. ಮಡಿಲಲ್ಲಿಟ್ಟ ಕೈಗಳ ಹೆಬ್ಬೆರಳು ಮಾತ್ರ ರಿಮೋಟ್ ಹಿಡಿದ ಹಾಗೆ ತಾವಾಗಿಯೇ ಆಡುತ್ತಿದ್ದವು. ಅಡಿವೆಪ್ಪ ಅದನ್ನು ದಿನಾ ನೋಡುತ್ತಿದ್ದ. ಅಜ್ಜ ಇನ್ನೊಮ್ಮೆ ವಿಮಾನ ಹಾರಿಸಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಸಂಜೆಯ ಮಬ್ಬಿನಲ್ಲಿ ಕಾಣದೆ ಮರಕ್ಕೆ ಬಡಿದಿರಬೇಕು ಎಂದು ಅವನು ತಿಳಿದ. ದೀಪ ಹಾಕಿದರೆ ಆಯಿತು. ದೀಪದ ವಿಷಯವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಮಾನ ಇಳಿಸಿ ರೆಕ್ಕೆ ಅಂಟಿಸಿದ. ಪೇಟೆಯಿಂದ ಸಣ್ಣ ಸಣ್ಣ ದೀಪಗಳ ಸರ ತಂದ. ನೀಲಿ, ಹಳದಿ, ಗುಲಾಬಿ. ಮೂಗಿನಿಂದ ಬಾಲದ ತನಕ ಒಂದಿಂಚೂ ಬಿಡದೆ ಸುತ್ತಿದ. ಕೆಲವು ಮಿಣುಕುತ್ತಿದ್ದವು, ಕೆಲವು ಒಂದರ ಹಿಂದೊಂದು ಓಡುತ್ತಿದ್ದವು.

ಹೊತ್ತು ಮುಳುಗಿದ ಮೇಲೆ ಅಜ್ಜನನ್ನು ಕರೆದುಕೊಂಡು ಹೋಗಿ ಕೂರಿಸಿ, ಸುತ್ತಿದ ಬಣ್ಣದ ದೀಪಗಳನ್ನೆಲ್ಲ ಬಾಯಿತುಂಬ ವರ್ಣಿಸಿ, ಮೊದಲು ತಾನೇ ಹಾರಿಸಿ ತೋರಿಸಿದ. ಮದುವೆ ಮನೆಯೊಂದು ಆಕಾಶಕ್ಕೆ ಎದ್ದ ಹಾಗಿತ್ತು. ಸ್ವಲ್ಪ ದೂರ ಹೋಗುವುದರಲ್ಲಿ ಅದರ ತಲೆ ಯಾವುದು, ಬಾಲ ಯಾವುದು ಅವನಿಗೇ ತಿಳಿಯದಾಯಿತು. ಈ ಕಡೆ ತಿರುಗಿಸಲು ಹೋದ, ಅದು ಆ ಕಡೆ ತಿರುಗಿ ಹೊಳೆಯ ಉಸುಕಿನಲ್ಲಿ ಮೂಗು ಹೂಳಿತು.

ಅಜ್ಜ ಕೂತಲ್ಲಿಂದಲೇ ಕೇಳಿದರು. “ಚಂದ ಕಾಣ್ಲಿ ಅಂತ ಹಚ್ಚಿದ್ಯೋ, ದಾರಿ ತಿಳೀಲಿ ಅಂತ ಹಚ್ಚಿದ್ಯೋ?”

ಅಡಿವೆಪ್ಪ ಇದರಲ್ಲೂ ವೇದಾಂತ ಹುಡುಕಿದ. ಬಣ್ಣವೆಲ್ಲ ಮಾಯೆ, ಬೆಳಕು ಒಂದೇ ಸತ್ಯ ಎಂದು ಅವನಿಗೆ ಹೊಳೆಯಿತು. ಸರವನ್ನೆಲ್ಲ ಕಿತ್ತು, ಪೇಟೆಯಲ್ಲಿ ಸಿಕ್ಕ ಅತಿ ಪ್ರಖರವಾದ ಬಿಳಿ ದೀಪ ತಂದು ಮೂಗಿಗೆ ಕಟ್ಟಿದ. ಅದಕ್ಕೆ ದೊಡ್ಡ ಬ್ಯಾಟರಿ ಬೇಕಾಯಿತು, ಅದನ್ನೂ ಕಟ್ಟಿದ. ಎಸೆದರೆ ವಿಮಾನ ಮೇಲೇಳಲೇ ಇಲ್ಲ. ಹುಲ್ಲಿನ ಮೇಲೆ ಬಿದ್ದುಕೊಂಡು ಕಿರುಗುಟ್ಟಿತು.

ಭಾರವನ್ನು ಆಮೇಲೆ ನೋಡಿಕೊಂಡರಾಯಿತು, ಬೆಳಕು ಸಾಕೇ ಎಂದು ಅಜ್ಜನನ್ನೇ ಕೇಳೋಣ ಎಂದುಕೊಂಡ. ಕಟ್ಟೆಗೆ ತಂದು, ದೀಪ ಹಚ್ಚಿ, ಅಜ್ಜನ ಮುಖದ ಮುಂದೆ ಹಿಡಿದ. ಪಕ್ಕದಲ್ಲಿ ಮಲಗಿದ್ದ ನಾಯಿ ಆ ಬೆಳಕಿಗೆ ಎದ್ದು ಮುಖ ತಿರುಗಿಸಿಕೊಂಡು ಹೋಯಿತು.

“ಇಷ್ಟ ಆದ್ರ ಸಾಕೇನ್ರಿ ಅಜ್ಜಾರ?”

“ಹಚ್ಚು, ನೋಡೂಣು.”

ದೀಪ ಉರಿಯುತ್ತಲೇ ಇತ್ತು. ಅಜ್ಜನ ರೆಪ್ಪೆ ಅಲುಗಲಿಲ್ಲ.

ಅಡಿವೆಪ್ಪ ದೀಪ ಆರಿಸಿ, ವಿಮಾನವನ್ನು ನೆಲಕ್ಕಿಟ್ಟು, ಅಜ್ಜನ ಕಾಲ ಬಳಿ ಕುಸಿದು ಕೂತ. ಬರಾಕತ್ತೈತೋ ಹೊಂಟೈತೋ ಎಂದು ಅಜ್ಜ ಕೇಳಿದ್ದು ಕಣ್ಣು ಕಾಣದೆ ಕೇಳಿದ್ದು. ಅದರಲ್ಲಿ ಬೇರೇನೂ ಇರಲಿಲ್ಲ.

“ಯಾಕ ಹೇಳಲಿಲ್ರಿ?”

“ಕೇಳಿದ್ನಲ್ಲಪಾ. ನೀ ವೇದಾಂತ ಹೇಳಿದಿ.”

ಅಡಿವೆಪ್ಪ ಅತ್ತುಬಿಟ್ಟ. ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಎಲ್ಲ ಹೇಳಿದರು. ಕಣ್ಣು ಮೆಲ್ಲಗೆ ಹೋಗುತ್ತ ಬಂದಿತ್ತಂತೆ. ಡಾಕ್ಟರು ನೋಡಿ, ಇದಕ್ಕೆ ಮದ್ದಿಲ್ಲ ಎಂದಿದ್ದರಂತೆ. ಜನಕ್ಕೆ ತಿಳಿದರೆ ಕೂತರೆ ನಿಂತರೆ ಕೈ ಹಿಡಿಯಲು ಬರುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಬಾವಿ, ಗುಡಿ, ಅಡುಗೆಮನೆ ಎಲ್ಲ ಕಾಲಿಗೇ ಗೊತ್ತಿತ್ತು, ಬದುಕು ನಡೆದಿತ್ತು. ಆಕಾಶ ಒಂದು ಮಾತ್ರ ಕಾಲಿಗೆ ಸಿಗಲಿಲ್ಲ ಎಂದು ಅಜ್ಜ ಸಣ್ಣಗೆ ನಕ್ಕರು. ಆ ನಗುವಿನಲ್ಲಿ ದುಃಖವೂ ಇತ್ತು, ಅವರು ಅದನ್ನು ಮುಚ್ಚಿಡಲಿಲ್ಲ.

“ಹಂಗಾರ ಇನ್ನ ದೀಪ ಯಾಕ್ರಿ ಅಜ್ಜಾರ?”

“ಹಚ್ಚು. ನನಗ ಕಾಣೂವಂಥಾದು ಹುಡುಕಬ್ಯಾಡ. ನಿನಗ ತಿಳಿಯೂವಂಥಾದು ಹಚ್ಚು.”

ದೊಡ್ಡ ವಿಮಾನಗಳಿಗೆ ಹೇಗಿರುತ್ತದೆ ಎಂದು ತಿಳಿಸಿಕೊಟ್ಟರು. ಎಡರೆಕ್ಕೆಯ ತುದಿಗೆ ಕೆಂಪು, ಬಲರೆಕ್ಕೆಯ ತುದಿಗೆ ಹಸಿರು. ಕೆಂಪು ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ ಎಂದರ್ಥ, ಹಸಿರು ಕಂಡರೆ ಬಲಮಗ್ಗುಲು. ಎರಡೂ ಕಂಡರೆ ನಮ್ಮತ್ತಲೇ ಬರುತ್ತಿದೆ. ದೀಪ ಸಾಸಿವೆ ಕಾಳಿನಷ್ಟಿದ್ದರೂ ಸಾಕು ಎಂದರು. ಅಡಿವೆಪ್ಪ ಇದನ್ನು ಮಾತ್ರ ಧ್ಯಾನಿಸಲಿಲ್ಲ, ಹೇಳಿದ ಹಾಗೆ ಮಾಡಿದ.

ಮರುದಿನ ಹೊತ್ತು ಮುಳುಗಿತು. ಅಡಿವೆಪ್ಪ ರಿಮೋಟನ್ನು ಅಜ್ಜನ ಕೈಗಿಟ್ಟ. ಅಜ್ಜ ಒಮ್ಮೆ ಬೇಡವೆಂದರು. ಬಿದ್ದರೆ ಬೀಳಲಿ, ಅಂಟಿಸುವ ಕೈ ಇದೆ ಎಂದ ಶಿಷ್ಯ. ಎರಡು ಹೆಜ್ಜೆ ಓಡಿ ವಿಮಾನವನ್ನು ಗಾಳಿಗೆ ಬಿಟ್ಟು, ಬಂದು ಅಜ್ಜನ ಮಗ್ಗುಲಲ್ಲಿ ನಿಂತ.

“ಹಸರು,” ಅಂದ.

ಅಜ್ಜನ ಹೆಬ್ಬೆರಳು ಸ್ವಲ್ಪ ಸರಿಯಿತು.

“ಹಸರು, ಹಸರು... ದೂರ ಆತು... ಈಗ ಕೆಂಪು.”

ವಿಮಾನ ಹೊಳೆಯ ಮೇಲೆ ಹೋಗಿ ತಿರುಗಿತು. ಮೊದಮೊದಲು ಅದು ಹಗ್ಗ ಹರಿದ ಕರುವಿನ ಹಾಗೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಬರಬರುತ್ತ ಅಡಿವೆಪ್ಪನ ಬಾಯಿಗೂ ಅಜ್ಜನ ಬೆರಳಿಗೂ ನಡುವೆ ಹೊತ್ತೇ ಉಳಿಯಲಿಲ್ಲ. ಅವನು ಕೆಂಪು ಅನ್ನುವುದರಲ್ಲಿ ಬೆರಳು ಸರಿದಿರುತ್ತಿತ್ತು. ವಿಮಾನ ಸಲೀಸಾಗಿ ತೇಲತೊಡಗಿತು.

ಆಗ ಅಡಿವೆಪ್ಪ ಒಂದು ತಪ್ಪು ಮಾಡಿದ. ಆಕಾಶ ಬಿಟ್ಟು ಅಜ್ಜನ ಮುಖ ನೋಡಿದ.

ಅಜ್ಜ ತಲೆಯೆತ್ತಿ, ಬಾಯಿ ಸ್ವಲ್ಪ ತೆರೆದು, ಮೊದಲ ಸಲ ಹಾರಿಸುವವರ ಹಾಗೆ ನಿಂತಿದ್ದರು. ಅಂಥ ಸಂತೋಷವನ್ನು ಅಡಿವೆಪ್ಪ ಅವರ ಮುಖದಲ್ಲಿ ಯಾವ ಪ್ರವಚನದಲ್ಲೂ ಕಂಡಿರಲಿಲ್ಲ. ನೋಡುತ್ತ ನೋಡುತ್ತ ಬಣ್ಣ ಹೇಳುವುದನ್ನೇ ಮರೆತ.

ಅಜ್ಜ ಹೆಬ್ಬೆರಳುಗಳನ್ನು ಇದ್ದಲ್ಲೇ ಹಿಡಿದು ಕಾದರು.

ಅಡಿವೆಪ್ಪ ಗಾಬರಿಯಿಂದ ತಲೆಯೆತ್ತಿದ. ಬೇವಿನ ಮರದಾಚೆ, ಮೇಲೆ, ಎರಡು ಸಣ್ಣ ಚುಕ್ಕೆಗಳು ಕಂಡವು.

“ಎರಡೂ, ಅಜ್ಜಾರ. ಎರಡೂ ಕಾಣಾಕತ್ತಾವ್ರಿ.”

ಅಜ್ಜ ಮೋಟರು ತಗ್ಗಿಸಿದರು. ಮರ ದಾಟಿತು ಎಂದ ಶಿಷ್ಯ. ಇನ್ನೂ ತಗ್ಗಿಸಿದರು. ವಿಮಾನ ತಲೆಯ ಮೇಲೆಯೇ ಹಾದು, ಹಿಂದಿನ ಹುಲ್ಲಿನ ಮೇಲೆ ಸರ್ರನೆ ಜಾರಿ ನಿಂತಿತು. ರೆಕ್ಕೆ ಮುರಿದಿರಲಿಲ್ಲ.

ಅಡಿವೆಪ್ಪ ಅದನ್ನು ಎತ್ತಿಕೊಂಡು ಬಂದ. ಅಜ್ಜನ ಕಾಲ ಬಳಿ ಇಟ್ಟು ಕೇಳಿದ.

“ಅಜ್ಜಾರ, ನಿಮಗ ಒಂದೀಟರೆ ಕಾಣಿಸ್ತೇನ್ರಿ?”

ಅಜ್ಜ ಕೈ ಚಾಚಿ ಅವನ ಹೆಗಲು ಹುಡುಕಿ ಹಿಡಿದುಕೊಂಡರು.

“ನೀ ಕೆಂಪು ಅಂದಾಗ ಕೆಂಪ ಕಂಡೆ. ಹಸರು ಅಂದಾಗ ಹಸರ ಕಂಡೆ. ನಡುವ ಒಂದೀಟು ಸುಮ್ಮನಾದ್ಯಲ್ಲ, ಅಷ್ಟೊತ್ತು ಕತ್ತಲಿ ಇತ್ತು ನೋಡಪಾ.”